ಕಡಲಿಗೆ ಹೋಗಲು ಕಾರಣ ಬೇಕೆ?

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ನಮ್ಮ ಕಡೆ ಗಂಡ ಹೆಂಡಿರಿಬ್ಬರು ಜೊತೆಯಾಗಿ ಊರು ಬಿಟ್ಟು ಹೊರಡಬೇಕಾದರೆ ಅದಕ್ಕೊಂದು ಕಾರಣ ಇರಬೇಕು. ಮದುವೆ, ಹರಕೆ, ಆಸ್ಪತ್ರೆ, ಸಾವು ಇವೆಲ್ಲ ಮಾನ್ಯವಾದ ಕಾರಣಗಳು. 'ಸುಮ್ಮನೆ' ಎಂಬುದು ಕಾರಣವಲ್ಲ. ಹೊಸದಾಗಿ ಮದುವೆಯಾದವರಿಗೆ ಸ್ವಲ್ಪ ವಿನಾಯಿತಿ ಉಂಟು. ಅವರು ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೋಗಿ ಫೋಟೋ ತೆಗೆಸಿಕೊಂಡು ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಮಕ್ಕಳು ಹುಟ್ಟಿದ ಮೇಲೆ ಆ ವಿನಾಯಿತಿಯೂ ತೀರಿತು. ದುಡ್ಡಿದ್ದವರಿಗೆ ಮಾತ್ರ ಅದು ಆಯುಷ್ಯಪೂರ್ತಿ ನಡೆಯುತ್ತದೆ. ಈ ಕಟ್ಟಳೆ ಅನ್ಯಾಯವಾದುದೆಂದು ನನ್ನ ಅಭಿಪ್ರಾಯ. ವಿರಾಮವೂ ಒಂದು ಸರಕೆಂದು ಅರ್ಥಶಾಸ್ತ್ರದಲ್ಲಿ ನಾವು ಓದಿದ್ದೇವೆ. ಆ ಸರಕನ್ನು ಕೊಳ್ಳಹೋದಾಗ ಕೂಲಿಯವನಿಗೆ ಮಾತ್ರ ಏಕೆ ನಾಚಿಕೆಯಾಗುತ್ತದೆಂಬುದು ಪಠ್ಯಪುಸ್ತಕದಲ್ಲಿಲ್ಲ.

ಕಾರವಾರವನ್ನೇ ತೆಗೆದುಕೊಳ್ಳಿ. ಹೊರಗಿನವರಿಗೆ ಅದು ವಿಹಾರದ ಊರು. ಕಾಳಿ ನದಿ ಕಡಲು ಸೇರುವ ಅಳಿವೆ, ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ, ಎದುರಿಗೆ ದ್ವೀಪಗಳು, ದಡದ ಮೇಲೆ ತಂದು ನಿಲ್ಲಿಸಿದ 'ಚಪಲ್' ಎಂಬ ಹಳೆಯ ಯುದ್ಧನೌಕೆ. ಘಟ್ಟದ ಮೇಲಿನ ನಮಗಾದರೋ ಅದು ಜಿಲ್ಲಾ ಕೇಂದ್ರ. ಅರ್ಜಿ, ನಕಲು, ಮೊಹರುಗಳ ಊರು. ನನ್ನ ತಂದೆ ಯಲ್ಲಾಪುರದ ಕಡೆ ಅಡಿಕೆ ಮರವೇರಿ ಕೊನೆ ಕೊಯ್ಯುವವರು. ತುಂಡು ಜಮೀನಿನ ಕಾಗದಪತ್ರಕ್ಕೆಂದು ಅವರು ಏಳು ಸಲ ಕಾರವಾರಕ್ಕೆ ಹೋಗಿದ್ದಾರೆ. ಹೆದ್ದಾರಿ ದಾಟಿದರೆ ಕಡಲು. ಏಳು ಸಲದಲ್ಲಿ ಒಮ್ಮೆಯೂ ಅವರು ಚಪ್ಪಲಿ ಬಿಚ್ಚಿ ಮರಳಿಗೆ ಇಳಿದವರಲ್ಲ. ಬಸ್ಸು ತಪ್ಪೀತೆಂಬ ಭಯ ಒಂದು. ಕೆಲಸಕ್ಕೆಂದು ಬಂದವನು ಕಡಲು ನೋಡುತ್ತ ಕುಳಿತರೆ ಕಂಡವರು ಏನೆಂದಾರು ಎಂಬ ಸಂಕೋಚ ಇನ್ನೊಂದು.

2023ರ ಜೂನ್ 11ರಂದು 'ಶಕ್ತಿ' ಯೋಜನೆ ಬಂದು ರಾಜ್ಯದ ಹೆಂಗಸರಿಗೆ ಸರ್ಕಾರದ ಸಾದಾ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಹೆಂಗಸರೆಲ್ಲ ತಿರುಗಾಟಕ್ಕೆ ಹೊರಟರೆಂದು ಕಟ್ಟೆಯ ಮೇಲೆ ಕುಳಿತವರು ನಕ್ಕರು. ನಗಲಿ. ನಾನು ಕಾಲೇಜಿಗೆ ಬರುತ್ತಿರುವುದೂ ಅದೇ ಬಸ್ಸಿನಲ್ಲಿ. ಆದರೂ ಆ ತಿರುಗಾಟವನ್ನು ನಾನು ವಿದ್ಯೆಗಿಂತ ಕೆಳಗಿನ ಫಲವೆಂದು ಎಣಿಸಲಾರೆ. ಕಳೆದ ನವರಾತ್ರಿ ಮುಗಿದ ಮೇಲೆ, ಕೊಯ್ಲು ಹತ್ತುವ ಮುಂಚೆ, ಅವ್ವ ಒಂದು ಲೆಕ್ಕ ಒಪ್ಪಿಸಿದಳು: "ನಂದು ಹೆಂಗೂ ಪುಕ್ಕಟೆ. ನಿಮ್ದೊಂದೇ ಟಿಕೀಟು. ನಾನು ಸಮುದ್ರ ನೋಡಿಲ್ಲ."

ಇಬ್ಬರೇ ಹೋದರು. ಅವ್ವ ಹೇಳಿದ್ದನ್ನು ಬರೆಯುತ್ತೇನೆ. ಬಸ್ಸು ಅರಬೈಲು ಘಟ್ಟವಿಳಿದು ಅಂಕೋಲೆಯ ಮೇಲೆ ಕಾರವಾರ ಸೇರಿತು. ಇಳಿದೊಡನೆ ಅಪ್ಪನ ಕಾಲು ರೂಢಿಯಂತೆ ಕಚೇರಿಯ ದಾರಿ ಹಿಡಿಯಿತಂತೆ. ಅವ್ವ ತೋಳು ಹಿಡಿದು ತಿರುಗಿಸಿದಳು. ಮರದ ತುದಿಯಿಂದ ಮರಕ್ಕೆ ಜೀಕಿ ಹಾಯುವ ಮನುಷ್ಯ ಮೊಣಕಾಲುದ್ದ ನೀರಿಗೆ ಹೆದರಿ ಹಿಂದೆ ಸರಿದರೆಂದು ಅವಳು ಈಗಲೂ ನಗುತ್ತಾಳೆ. ದಡದಲ್ಲಿ ಮೀನುಗಾರರು ಸಾಲಾಗಿ ನಿಂತು ಬಲೆ ಎಳೆಯುತ್ತಿದ್ದರು. ಅಪ್ಪ ಸ್ವಲ್ಪ ಹೊತ್ತು ನೋಡಿದರು, ಆಮೇಲೆ ತಾವೂ ಹಗ್ಗಕ್ಕೆ ಕೈ ಹಾಕಿದರು. ಕೂಲಿಯ ಕೈ, ಸುಮ್ಮನಿರಲಾರದು. ಅವರು ನಾಲ್ಕು ಬಂಗುಡೆ ಕೊಡಬಂದಾಗ ಎಲ್ಲಿಡುವುದೆಂದು ತಿಳಿಯದೆ ಬೇಡವೆಂದರು. ಮಧ್ಯಾಹ್ನ ಖಾನಾವಳಿಯಲ್ಲಿ ಮೀನೂಟ. ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಉಣ್ಣುವ ಅವ್ವ ಅಂದು ಅಪ್ಪನ ಎದುರಿಗೆ ಕುಳಿತು, ಬೇರೆಯವರು ಬಡಿಸಿದ್ದನ್ನು ಅವರೊಡನೆಯೇ ಉಂಡಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅದೇ ಮೊದಲು. ಆಮೇಲೆ ಅಪ್ಪ ಗಾಳಿ ಮರದ ನೆರಳಲ್ಲಿ ಟವೆಲು ಹಾಸಿ ಮಲಗಿಬಿಟ್ಟರು. ಅವಳು ಪಕ್ಕದಲ್ಲಿ ಕುಳಿತು ದೋಣಿ ಎಣಿಸಿದಳು. ಹಗಲು ಹೊತ್ತಿನಲ್ಲಿ ಗಂಡ ನಿದ್ರೆ ಮಾಡುವುದನ್ನು ಜ್ವರ ಬಂದಾಗಲಲ್ಲದೆ ಅವಳು ಕಂಡದ್ದಿರಲಿಲ್ಲ.

ಊರಿಗೆ ಮರಳಿದಾಗ ನೆರೆಯವರು, "ಎಲ್ಲಿಗೆ ಹೋಗಿದ್ರಿ ಇಬ್ರೂ?" ಎಂದು ಕೇಳಿದರು. ಅಪ್ಪ, "ಕಚೇರಿಗೆ. ಇಬ್ರದ್ದೂ ಸಹಿ ಬೇಕಿತ್ತಂತೆ" ಎಂದುಬಿಟ್ಟರು.

ಕಳ್ಳತನ ಮಾಡಿದವನು ಸುಳ್ಳು ಹೇಳುವುದುಂಟು. ಒಂದು ದಿನ ಸಂತೋಷದಿಂದಿದ್ದುದಕ್ಕೆ ಸುಳ್ಳು ಹೇಳಬೇಕಾಗಿ ಬಂದರೆ ಅದು ಅಪ್ಪನ ದೋಷವಲ್ಲ, ಹಾಗೆ ಹೇಳಿಸಿದ ಊರಿನದು.

ಇದನ್ನು ಚರ್ಚಿಸುವಾಗ ನನ್ನ ಸಹಪಾಠಿಯೊಬ್ಬರು, ಇದೆಲ್ಲ ಪಾಶ್ಚಾತ್ಯರ ಅನುಕರಣೆ, ನಮ್ಮದು ವೈರಾಗ್ಯದ ನಾಡು ಎಂದರು. ಅವರಿಗೆ ಕಾರವಾರದಲ್ಲಿಯೇ ಉತ್ತರವುಂಟು. 1883ರ ಸುಮಾರಿಗೆ ತರುಣ ರವೀಂದ್ರನಾಥ ಠಾಕೂರರು, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿಗೆ ಬಂದು ಕೆಲಕಾಲ ಇದ್ದರು. 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕವನ್ನು ಬರೆದುದು ಅಲ್ಲಿ. ಅದರ ಸಂನ್ಯಾಸಿ ಮಮತೆಯ ಕಟ್ಟುಗಳನ್ನೆಲ್ಲ ಕಡಿದುಕೊಂಡು ಪ್ರಕೃತಿಯನ್ನೇ ಗೆಲ್ಲಹೊರಟವನು; ಒಬ್ಬ ದಿಕ್ಕಿಲ್ಲದ ಹುಡುಗಿಯ ಪ್ರೀತಿ ಅವನನ್ನು ಮರಳಿ ಲೋಕಕ್ಕೆ ಎಳೆಯುತ್ತದೆ. ಇನ್ನು ಆ ಸತ್ಯೇಂದ್ರನಾಥರು ಯಾರು? 1864ರಲ್ಲಿ, ಮನೆತನದ ಹೆಂಗಸರು ಪರದೆಯೊಳಗಿದ್ದ ಕಾಲದಲ್ಲಿ, ಹೆಂಡತಿ ಜ್ಞಾನದಾನಂದಿನಿಯನ್ನು ತಮ್ಮೊಡನೆ ಮುಂಬಯಿಗೆ ಕರೆದೊಯ್ದವರು. ಆಡಿಕೊಳ್ಳುವವರು ಆಗಲೂ ಇದ್ದರು. ಇಂದು ಕಾರವಾರದ ಕಡಲತೀರಕ್ಕೆ ರವೀಂದ್ರರ ಹೆಸರನ್ನೇ ಇಟ್ಟಿದ್ದೇವೆ.

ಇನ್ನೊಂದು ಆಕ್ಷೇಪಣೆಗೆ ನಾನು ತಲೆಬಾಗುತ್ತೇನೆ. ಕಡಲತೀರ ಮೀನುಗಾರರ ಅಂಗಳ. ಇನ್ನೊಬ್ಬರ ಅಂಗಳದಲ್ಲಿ ಪ್ಲಾಸ್ಟಿಕ್ ಬಿಸಾಡಿ, ಬಾಟಲಿ ಒಡೆದು ಬರುವವರನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಹೀಗೆ ಗಲೀಜು ಮಾಡುವವರು ಸಾಮಾನ್ಯವಾಗಿ ಕಾರಿನಲ್ಲಿ ಬಂದವರು. ಬಸ್ಸಿನಲ್ಲಿ ಬಂದವರು ಖಾಲಿ ಬಾಟಲಿಯನ್ನೂ ಮನೆಗೆ ಒಯ್ಯುತ್ತಾರೆ. ಅದು ನೀರು ತುಂಬಲು ಬೇಕಲ್ಲ!

ಕರಾವಳಿಯ ಪ್ರವಾಸೋದ್ಯಮವೆಂದೊಡನೆ ರೆಸಾರ್ಟುಗಳ ಮಾತು ಬೇಕಾದಷ್ಟು ಕೇಳುತ್ತೇವೆ. ನನ್ನ ತಂದೆತಾಯಿಯಂಥವರಿಗೆ ಬೇಕಾದುದು ತೀರ ಚಿಕ್ಕದು. ಕುಳಿತುಕೊಳ್ಳಲು ನೆರಳಿನಲ್ಲಿ ಒಂದು ಕಲ್ಲುಬೆಂಚು, ಕುಡಿಯುವ ನೀರು, ಹೆಂಗಸರಿಗೆ ಶುಚಿಯಾದ ಶೌಚಾಲಯ. ಆ ದಿನ ಅವ್ವ ಸಂಜೆಯವರೆಗೆ ಊಟದ ಹೊತ್ತಿನ ಒಂದು ಲೋಟ ಬಿಟ್ಟರೆ ನೀರು ಮುಟ್ಟಲಿಲ್ಲ; ಏಕೆಂದು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸಿನ ವೇಳೆಯೂ ಅಷ್ಟೆ. ಯಲ್ಲಾಪುರದಿಂದ ನಮ್ಮ ಹಳ್ಳಿಗೆ ಹೊರಡುವ ಕೊನೆಯ ಬಸ್ಸು ಸಿಗಬೇಕಾದರೆ ಕಾರವಾರವನ್ನು ಮೂರೂವರೆಗೇ ಬಿಡಬೇಕು. ಪಡುವಣ ಕಡಲಿಗೆ ಹೋದ ಅವರು ಸೂರ್ಯ ಮುಳುಗುವುದನ್ನು ನೋಡಿದ್ದು ಘಟ್ಟದ ತಿರುವಿನಲ್ಲಿ, ಬಸ್ಸಿನ ಹಿಂದಿನ ಗಾಜಿನಿಂದ, ಮರಗಳ ನಡುವೆ.