ಅಪ್‌ಗ್ರೇಡ್ ಮಾಡ್ಕೊಳ್ಳಿ ಅನ್ನೋ ಉಡಾಫೆ

ಕಳೆದ ಮಳೆಗಾಲದಲ್ಲಿ ಒಂದು ಶನಿವಾರ ಬೆಳಗಾವಿಯಿಂದ ಖಾನಾಪುರಕ್ಕೆ ಹೋಗಿದ್ದೆ, ಕಾಕಾನ ಮನೆಗೆ. ಕಾಕಾ ರಿಟೈರಾದ ಮಾಸ್ತರು. ಹಳೇ ನುಡಿಯಲ್ಲಿ ಟೈಪ್ ಮಾಡಿಟ್ಟ ಕಥೆ, ಪ್ರಬಂಧ ಅಂತ ನಲವತ್ತಕ್ಕೂ ಹೆಚ್ಚು ಫೈಲುಗಳಿವೆ ಅವರ ಹತ್ರ. ಅವು ಯೂನಿಕೋಡಿಗೆ ಬಂದರೆ ತಾನೂ ಒಂದು ಬ್ಲಾಗ್ ಶುರು ಮಾಡ್ತೀನಿ ಅಂತಾರೆ. (ನಮ್ಮ ಗುಂಪಿಗೆ ಇನ್ನೊಬ್ಬರು ಸಿಕ್ಕಂಗಾಯ್ತು ನೋಡಿ :) )

ಅವರ ಲ್ಯಾಪ್‌ಟಾಪು 32 ಬಿಟ್ಟಿನದು. ಅದರಲ್ಲಿ ಲುಬುಂಟು 18.04 ಹಾಕಿಕೊಟ್ಟವನು ನಾನೇ. ಅದಕ್ಕಿಂತ ಹೊಸ ಎಲ್‌ಟಿಎಸ್ ಆ ಮಷೀನಿಗೆ ಬರೋದೇ ಇಲ್ಲ. ನುಡಿಯ ಹಳೇ ಅಕ್ಷರಗಳನ್ನು ಯೂನಿಕೋಡಿಗೆ ಬದಲಿಸೋ ಒಂದು ಪುಟ್ಟ ಪ್ರೋಗ್ರಾಮಿನ ಸೋರ್ಸ್ ಪೆನ್‌ಡ್ರೈವಿನಲ್ಲಿ ಒಯ್ದಿದ್ದೆ. ಸಿಮೇಕ್ ಓಡಿಸಿದೆ. ಬಂದ ಉತ್ತರ ಇಷ್ಟು: ಸಿಮೇಕ್ 3.25 ಬೇಕು, ನಿಮ್ಮಲ್ಲಿರೋದು 3.10.2. ಮುಗೀತು.

ಹೊರಗೆ ಖಾನಾಪುರದ ಮಳೆ, ಮೊಬೈಲಿಗೆ ಸಿಗ್ನಲ್ ಇಲ್ಲ. "ಯಾಕೋ ತಮ್ಮಾ, ಆಗ್ಲಿಲ್ಲೇನು? ನೀ ಇಂಜಿನಿಯರ್ ಅಲ್ಲೇನು?" ಅಂದರು ಕಾಕಾ.

ಬಿಲ್ಡ್ ಸ್ಕ್ರಿಪ್ಟ್ ಅಂದರೇನು ಅಂತ ಗೊತ್ತಿಲ್ಲದವರಿಗೆ: ಪ್ರೋಗ್ರಾಮರ್ ಬರೆದ ಸೋರ್ಸನ್ನು ನಿಮ್ಮ ಕಂಪ್ಯೂಟರಿನಲ್ಲಿ ಓಡುವಂತೆ ಕಟ್ಟಿಕೊಡೋ ಸೂಚನೆಗಳ ಫೈಲು ಅದು. ಅದನ್ನು ತೆಗೆದು ನೋಡಿದೆ. ಇಪ್ಪತ್ತು ಚಿಲ್ಲರೆ ಸಾಲು. ಮೂರು ಸಿ++ ಫೈಲು ಸೇರಿಸಿ ಒಂದು ಪ್ರೋಗ್ರಾಮ್ ಮಾಡು, ಇನ್‌ಸ್ಟಾಲ್ ಮಾಡು, ಅಷ್ಟೇ. ಮೊದಲ ಸಾಲಿನ 3.25 ಅಳಿಸಿ 3.10 ಅಂತ ಬರೆದೆ. ಒಂದು ವಾರ್ನಿಂಗೂ ಇಲ್ಲದೆ ಕಟ್ಟಿಕೊಂಡು ಕೂತಿತು!

ಹಾಗಿದ್ದರೆ 3.25 ಯಾಕಿತ್ತು? ಬರೆದವರ ಮಷೀನಿನಲ್ಲಿ ಅವತ್ತು ಅದಿತ್ತು, ಅದಕ್ಕೆ. ಸೋಮವಾರ ಅವರಿಗೆ ಮೇಲ್ ಹಾಕಿದೆ. ಒಂದೇ ಸಾಲಿನ ಉತ್ತರ ಬಂತು: ಸಿಮೇಕ್ ಅಪ್‌ಗ್ರೇಡ್ ಮಾಡ್ಕೊಳ್ಳಿ. ನನಗೆ ಉರಿದದ್ದು ಇಲ್ಲೇ. ಆ ಸಾಲಿನ ಅರ್ಥ "ನನ್ನ ಹತ್ರ ಏನಿದೆ" ಅಂತಲ್ಲ ಸ್ವಾಮಿ, "ಕನಿಷ್ಠ ಏನು ಬೇಕು" ಅಂತ. ಸಿ++20ರ ಮಾಡ್ಯೂಲ್ ಬಳಸಿದ್ದೀರಾ? 3.28 ಕೇಳಿ, ನ್ಯಾಯ ಇದೆ. ಮೂರು ಫೈಲು ಕಟ್ಟೋಕೆ ಯಾಕೆ?

ಹಳೇ ಟೂಲು ಅಂದರೆ ಬಡವರ ಮನೆಯ ಸಮಸ್ಯೆ ಅಂದ್ಕೊಂಡವರು ಒಂದು ಮ್ಯಾಕ್‌ಬುಕ್ ತೆಗೆದು ನೋಡಿ. ಲಕ್ಷ ಕೊಟ್ಟು ತಂದ ಆ ಯಂತ್ರದಲ್ಲಿ ಆಪಲ್ ಕೊಡೋ ಗ್ನೂ ಮೇಕ್ 3.81, ಅಂದರೆ 2006ರದ್ದು. ಬ್ಯಾಶ್ 3.2. ಲೈಸೆನ್ಸ್ ಜಿಪಿಎಲ್ 3ಕ್ಕೆ ಬದಲಾದ ಮೇಲೆ ಅವರು ಹೊಸದನ್ನು ಮುಟ್ಟಲೇ ಇಲ್ಲ. ಮ್ಯಾಕಿನವರು ದೂರು ಕೊಟ್ಟರೆ ಮಾತ್ರ ಸ್ಕ್ರಿಪ್ಟು ಮರುದಿನವೇ ಸರಿಯಾಗುತ್ತೆ. ಖಾನಾಪುರದ ಮಾಸ್ತರು ಹೇಳಿದರೆ ಅಪ್‌ಗ್ರೇಡಿನ ಉಪದೇಶ!

ಹಾಗಂತ ಎಂದೋ 2.8 ಅಂತ ಬರೆದು ಮರೆತುಬಿಟ್ಟರೂ ನಡೆಯಲ್ಲ. 2025ರ ಮಾರ್ಚಿನಲ್ಲಿ ಬಂದ ಸಿಮೇಕ್ 4.0, 3.5ಕ್ಕಿಂತ ಹಿಂದಿನದನ್ನು ಕೇಳೋ ಸ್ಕ್ರಿಪ್ಟುಗಳನ್ನು ಒಪ್ಪೋದೇ ಬಿಟ್ಟಿತು. ಎಷ್ಟೋ ಹಳೇ ಪ್ಯಾಕೇಜುಗಳು ಬಿದ್ದವು. ಆದರೆ ಎರಡೂ ಕಡೆ ಸಲ್ಲೋ ದಾರಿ 3.12ರಿಂದಲೇ ಇದೆ. ಆ ಸಾಲಿನಲ್ಲಿ 3.10...3.31 ಅಂತ ಮೂರು ಚುಕ್ಕಿ ಹಾಕಿ ಬರೆಯಿರಿ. ಹೊಸ ಸಿಮೇಕ್ ಹೊಸ ಪಾಲಿಸಿಗಳಂತೆ ನಡೆಯುತ್ತೆ. ಈ ಬರವಣಿಗೆಯೇ ಗೊತ್ತಿಲ್ಲದ 3.10, ಚುಕ್ಕಿಗಳ ನಂತರದ್ದನ್ನು ಲೆಕ್ಕಕ್ಕೇ ತಗೊಳ್ಳೋದಿಲ್ಲ. ಸಿಮೇಕ್ ಮಾಡಿದವರಿಗೇ ಹಳಬರ ಮೇಲೆ ಇಷ್ಟು ಕಾಳಜಿ ಇರುವಾಗ, ಅದನ್ನು ಬಳಸೋ ನಮಗೇನು ಧಾಡಿ?

"ಬಿಟ್ಟಿ ಕೆಲಸ ಮಾಡೋರ ಮೇಲೆ ಇನ್ನೂ ಹೊರೆಯಾ?" ಅಂತ ಗೆಳೆಯನೊಬ್ಬ ಕೇಳಿದ. ಮಾತಿನಲ್ಲಿ ಹುರುಳಿದೆ. ಹದಿನೈದು ವರ್ಷದ ಹಿಂದಿನ ಎಲ್ಲವನ್ನೂ ಹೊತ್ತುಕೊಂಡು ತಿರುಗಿ ಅಂತ ನಾನೂ ಹೇಳ್ತಿಲ್ಲ. ಲುಬುಂಟು 18.04ರ ಬೆಂಬಲ 2021ಕ್ಕೇ ಮುಗಿದಿದೆ, ಅದರಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡಿ ಅಂತ ಕಾಕಾಗೂ ಹೇಳಿದ್ದೀನಿ. ಆದರೆ ಇಲ್ಲಿ ಹೊರೆ ಎಲ್ಲಿದೆ? ಡಾಕರಿನಲ್ಲಿ ಉಬುಂಟು 18.04ರ ಇಮೇಜ್ ಎತ್ತಿಕೊಂಡು ಒಂದ್ಸಲ ಕಟ್ಟಿ ನೋಡಿದರೆ ಸಾಕು, ಚಹಾ ಕುಡಿಯೋಷ್ಟರಲ್ಲಿ ಗೊತ್ತಾಗುತ್ತೆ. ಆಗಲಿಲ್ಲ ಅಂದರೆ "ಇದಕ್ಕಿಂತ ಹಳೇದರಲ್ಲಿ ಪರೀಕ್ಷಿಸಿಲ್ಲ" ಅಂತ ಎಚ್ಚರಿಕೆ ಕೊಟ್ಟು ಮುಂದುವರಿಯೋಕೆ ಬಿಡಿ. ಬಾಗಿಲು ಯಾಕೆ ಹಾಕ್ತೀರಿ?

ನಾನು ಇಂಜಿನಿಯರು, ತೆಗೆದು ತಿದ್ದಿದೆ. ಕಾಕಾ ಒಬ್ಬರೇ ಇದ್ದಿದ್ದರೆ? ತಮ್ಮ ಕಂಪ್ಯೂಟರು ಕೆಟ್ಟಿದೆ ಅಂದ್ಕೊಂಡು ಮುಚ್ಚಿಡ್ತಿದ್ದರು. ಕನ್ನಡಕ್ಕೆ ಸಾಫ್ಟ್‌ವೇರ್ ಇಲ್ಲ ಅಂತ ಹತ್ತಾರು ಪೋಸ್ಟ್ ಬರೀತೀವಿ, ಇರೋದನ್ನು ಹೀಗೆ ಕೈಗೆ ಸಿಗದಂಗೆ ಮಾಡ್ತೀವಿ.

ನಾನು ಕಳಿಸಿದ ಪ್ಯಾಚು ಇನ್ನೂ ಹಾಗೇ ಬಿದ್ದಿದೆ. ನಿಮ್ಮಲ್ಲಿ ಯಾರಾದರೂ ಫಾಂಟು, ಕನ್ವರ್ಟರು ಅಂತ ಸೋರ್ಸ್ ಹಾಕಿದ್ದರೆ ಇವತ್ತೇ ಆ ಮೊದಲ ಸಾಲು ನೋಡಿ, ಅಲ್ಲಿರೋ ಅಂಕಿ ಯಾಕಿದೆ ಅಂತ ಕಾಮೆಂಟಿನಲ್ಲಿ ತಿಳಿಸಿ. ಅಂದಹಾಗೆ ಕಾಕಾನ ಹನ್ನೊಂದು ಕಥೆ ಯೂನಿಕೋಡಿಗೆ ಬಂದಿವೆ. ಅರ್ಕಾವೊತ್ತು ಮಾತ್ರ ಎರಡು ಕಡೆ ತಪ್ಪಿದೆ, ಅದನ್ನೂ ಬರೆದು ಕಳಿಸಬೇಕು.