ನೋಡಿದ್ದಕ್ಕೆ ಹಣ ಕೊಡಿ, ಬದಲಿಸಿದ್ದಕ್ಕೆ ಸಾಕ್ಷಿ ಕೇಳಿ

"ಕ್ಲಚ್ ಹೋಗಿದೆ ಅಕ್ಕಾ, ಪೂರ್ತಿ ಸೆಟ್ಟೇ ಹಾಕ್ಬೇಕು." ಹಾಲಿನ ಕ್ಯಾನು ಹೊರುವ ಗಾಡಿ ಇರುವ ಮನೆಗಳಲ್ಲಿ ಈ ಮಾತು ಒಮ್ಮೆಯಾದರೂ ಬಂದಿರುತ್ತದೆ. ಕೆಲವು ಸಲ ಅದು ನಿಜವೇ. ಕೆಲವು ಸಲ ಕೇಬಲ್ಲನ್ನು ಸ್ವಲ್ಪ ಸಡಿಲ ಮಾಡಿದ್ದರೆ ಸಾಕಾಗುತ್ತಿತ್ತು. ಎಷ್ಟೋ ಕಡೆ, ಎರಡರಲ್ಲಿ ಯಾವುದು ಎಂದು ಯಾರೂ ಪರೀಕ್ಷಿಸಿಯೇ ಇರುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಪಶುವೈದ್ಯರಿಗೆ ಕ್ಲಚ್ಚಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ರಿಪೇರಿಯ ಹಣ ಹಾಲಿನ ಬಟವಾಡೆಯಿಂದಲೇ ಹೋಗುತ್ತದೆ, ಅದಕ್ಕೆ. ದಿನಕ್ಕೆ 10 ಲೀಟರ್ ಹಾಲು ಹಾಕುವವರಿಗೆ ಲೀಟರಿಗೆ 35 ರೂಪಾಯಿ ಸಿಗುತ್ತದೆ ಎಂದಿಟ್ಟುಕೊಳ್ಳಿ. 2,800 ರೂಪಾಯಿಯ ಬಿಲ್ಲು ಎಂದರೆ 8 ದಿನದ ಹಾಲು. ಬೂಸಾ, ಹಿಂಡಿ, ಮೇವಿನ ಖರ್ಚು ಕಳೆದರೆ ಒಂದು ಬಟವಾಡೆಯಲ್ಲಿ ಉಳಿಯುವುದೆಲ್ಲ ಅಲ್ಲಿಗೇ ಹೋದಂತೆ. ಗಾಡಿ ದಾರಿಯಲ್ಲಿ ನಿಂತರೆ ನಷ್ಟ ಬೇರೆ ಬಗೆಯದು. ಕರೆದ ಬಿಸಿಯಲ್ಲೇ ಇರುವ ಹಾಲಿನಲ್ಲಿ ಬ್ಯಾಕ್ಟೀರಿಯಾ ಬೆಳೆಯತೊಡಗಿದರೆ 20–30 ನಿಮಿಷಕ್ಕೆ ಎರಡು ಪಟ್ಟಾಗಬಲ್ಲದು. ಹಾಲು ಶೀತಲೀಕರಣ ಘಟಕ ತಲುಪಿ 4 ಡಿಗ್ರಿಗೆ ಇಳಿಯುವುದು ತಡವಾದಷ್ಟೂ ಗುಣಮಟ್ಟ ಕೆಡುತ್ತದೆ.

ಇನ್ನೊಂದು ಕಾರಣವೂ ಇದೆ. ಪರೀಕ್ಷೆಯಿಲ್ಲದೆ ಚಿಕಿತ್ಸೆ ಮಾಡುವ ರೂಢಿ ಕೊಟ್ಟಿಗೆಯಲ್ಲೂ ಇದೆ. ಹಸು ಹಾಲು ಕಡಿಮೆ ಮಾಡಿತು ಎಂದು ನಮಗೆ ಕರೆ ಬರುತ್ತದೆ. ಹಾಲು ಕಡಿಮೆಯಾಗುವುದು ರೋಗವಲ್ಲ, ಲಕ್ಷಣ. ಕೆಚ್ಚಲು ಬಾವು ಇರಬಹುದು, ಜ್ವರ ಇರಬಹುದು, ಬೆದೆಗೆ ಬಂದಿರಬಹುದು, ಮೇವು ಬದಲಾಗಿರಬಹುದು, ಕುಡಿಯುವ ನೀರು ಸಾಲದಿರಬಹುದು. ಜ್ವರ ನೋಡಿ, ಕೆಚ್ಚಲು ಮುಟ್ಟಿ, ನಾಲ್ಕೂ ಮೊಲೆಯ ಹಾಲನ್ನು ಸಿ.ಎಂ.ಟಿ. ತಟ್ಟೆಯಲ್ಲಿ ಪರೀಕ್ಷಿಸಿ, "ಈಗ ಔಷಧ ಬೇಡ, ಎರಡು ದಿನ ನೋಡೋಣ" ಎಂದರೆ ಎಷ್ಟೋ ಮನೆಗಳಲ್ಲಿ ಮುಖ ಸಪ್ಪಗಾಗುತ್ತದೆ. "ಡಾಕ್ಟ್ರು ಬಂದ್ರು, ಒಂದು ಇಂಜೆಕ್ಷನ್ನೂ ಹಾಕ್ಲಿಲ್ಲ" ಎನ್ನುತ್ತಾರೆ. ಏನೂ ನೋಡದೆ ಎರಡು ಸೂಜಿ ಚುಚ್ಚಿ ಹೋದವರಿಗೆ ಕೇಳಿದಷ್ಟು ಕೊಡುತ್ತಾರೆ.

ಗ್ಯಾರೇಜಿನಲ್ಲೂ ಇದೇ ಲೆಕ್ಕ. ಕಾಲು ಗಂಟೆ ನೋಡಿ, ಕೇಬಲ್ ಸರಿಮಾಡಿ ಕಳಿಸಿದ ಹುಡುಗನಿಗೆ "ಇಷ್ಟಕ್ಕೂ ದುಡ್ಡಾ?" ಎನ್ನುತ್ತೇವೆ. ಸೆಟ್ ಬದಲಿಸಿದವನಿಗೆ ಎಣಿಸಿ ಕೊಡುತ್ತೇವೆ. ಸಾಮಾನು ಹಾಕಿದರೆ ಮಾತ್ರ ಸಂಪಾದನೆ ಎಂದಾದ ಮೇಲೆ, ಅವನ ಕಣ್ಣಿಗೆ ಸಾಮಾನೇ ಕಾಣುವುದು ಸಹಜ. ಎಲ್ಲ ಮೆಕ್ಯಾನಿಕ್‌ಗಳೂ ಮೋಸಗಾರರಲ್ಲ. ಹೆಚ್ಚಿನವರು ಅಂದಾಜಿನ ಮೇಲೆ ಕೆಲಸ ಮಾಡುತ್ತಾರೆ, ಅಷ್ಟೆ. ಆದರೆ ಅವರ ಅಂದಾಜು ತಪ್ಪಿದರೆ ದುಡ್ಡು ಕಳೆದುಕೊಳ್ಳುವವರು ನೀವು. ಆದ್ದರಿಂದ ನಾನು ಹೇಳುವುದು ಎರಡೇ ಮಾತು: ನೋಡಿದ್ದಕ್ಕೆ ಹಣ ಕೊಡಿ. ಬದಲಿಸಿದ್ದಕ್ಕೆ ಸಾಕ್ಷಿ ಕೇಳಿ.

ಸದ್ದು ಏರುತ್ತದೆಯೇ, ಓಟ ಏರುತ್ತದೆಯೇ?

"ಗಾಡಿ ಎಳೀತಿಲ್ಲ" ಎನ್ನುವುದೂ "ಹಾಲು ಕಡಿಮೆ" ಎನ್ನುವ ಹಾಗೆ ಬರೀ ಲಕ್ಷಣ. ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಪ್ಲಗ್ ಹಳತಾಗಿರಬಹುದು, ಟೈರಿನಲ್ಲಿ ಗಾಳಿ ಕಡಿಮೆ ಇರಬಹುದು, ಬ್ರೇಕ್ ಹಿಡಿದುಕೊಂಡಿರಬಹುದು. ಕ್ಲಚ್ಚೇ ಸವೆದಿರಲೂಬಹುದು.

ಇವನ್ನು ಬೇರ್ಪಡಿಸಲು ನಿಮ್ಮ ಕಿವಿಯೇ ಸಾಕು. ಗೇರ್ ಬೈಕಿನ ಕ್ಲಚ್ಚಿನಲ್ಲಿ ಸ್ಪ್ರಿಂಗ್ ಒತ್ತಿ ಹಿಡಿದ ಪ್ಲೇಟುಗಳಿರುತ್ತವೆ. ಎಂಜಿನ್ನಿನ ಬಲ ಅವುಗಳ ಹಿಡಿತದ ಮೂಲಕ ಚಕ್ರಕ್ಕೆ ಹೋಗುತ್ತದೆ. ಹಿಡಿತ ತಪ್ಪಿ ಪ್ಲೇಟು ಜಾರಿದರೆ, ಆಕ್ಸಿಲರೇಟರ್ ತಿರುಗಿಸಿದಾಗ ಎಂಜಿನ್ ಸದ್ದು ಏರುತ್ತದೆ, ಓಟ ಏರುವುದಿಲ್ಲ. ಏರುದಾರಿಯಲ್ಲಿ, ತುಂಬಿದ ಕ್ಯಾನು ಇರುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಜೊತೆಗೆ ಸುಟ್ಟ ವಾಸನೆಯೂ ಬರಬಹುದು. ಸದ್ದೂ ಏರದೆ ಓಟವೂ ಏರದಿದ್ದರೆ ಮೊದಲು ಬೇರೆ ಕಡೆ ನೋಡಬೇಕು. ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗದಿದ್ದರೆ ಬ್ರೇಕ್ ಅಥವಾ ಚೈನ್ ಕಡೆ ಗಮನ ಕೊಡಿ.

ಕ್ಲಚ್ ಹಿಡಿದಾಗಲೂ ಗಾಡಿ ಮುಂದಕ್ಕೆ ಎಳೆಯುತ್ತಿದ್ದರೆ, ಗೇರ್ ಕಟಕಟ ಎಂದು ಬೀಳುತ್ತಿದ್ದರೆ ಅದು ಜಾರುವುದಕ್ಕೆ ವಿರುದ್ಧವಾದ ತೊಂದರೆ. ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಹೆಚ್ಚಾಗಿ ಕೇಬಲ್ ತೀರಾ ಸಡಿಲವಾಗಿರುತ್ತದೆ.

ಬಿಚ್ಚುವ ಮೊದಲು ಎರಡು ಕೆಲಸ

ಮೊದಲನೆಯದು ಕ್ಲಚ್ ಲಿವರಿನ ಸಡಿಲ. ಲಿವರ್ ಎಳೆದಾಗ ಬಿಗಿ ಸಿಗುವ ಮೊದಲು ಅದರ ತುದಿ ಸ್ವಲ್ಪ ದೂರ ಸುಮ್ಮನೆ ಬರಬೇಕು. ಬಹುಪಾಲು ಬೈಕುಗಳಲ್ಲಿ ಇದು 10ರಿಂದ 20 ಮಿಲಿಮೀಟರ್. ನಿಮ್ಮ ಗಾಡಿಯದು ಎಷ್ಟು ಎಂದು ಅದರ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಸಡಿಲವೇ ಇಲ್ಲದಿದ್ದರೆ ನೀವು ಲಿವರ್ ಮುಟ್ಟದೆಯೇ ಕ್ಲಚ್ ಅರ್ಧ ಹಿಡಿದಂತೆ ಇರುತ್ತದೆ. ಒಳ್ಳೆಯ ಪ್ಲೇಟೂ ಜಾರುತ್ತದೆ. ಹಾಗೇ ಬಿಟ್ಟರೆ ನಿಜವಾಗಿಯೂ ಸವೆಯುತ್ತದೆ.

ಎರಡನೆಯದು ಆಯಿಲ್. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಪ್ಲೇಟು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಕಾರಿನ ಆಯಿಲ್‌ಗಳಲ್ಲಿ ಉಜ್ಜಾಟ ಕಡಿಮೆ ಮಾಡುವ ರಾಸಾಯನಿಕ ಇರುವುದುಂಟು. ಅದನ್ನು ಇಂಥ ಬೈಕಿಗೆ ಹಾಕಿದರೆ ಪ್ಲೇಟು ಜಾರಬಹುದು. ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 ಎಂದು ಇದೆಯೇ ನೋಡಿ. ಆಯಿಲ್ ಬದಲಿಸಿದ ಮೇಲೆ ಜಾರಲು ಶುರುವಾಯಿತೇ ಎಂಬುದು ನಿಮಗೇ ಗೊತ್ತಿರುವ ವಿಷಯ. ಅದನ್ನು ಮೆಕ್ಯಾನಿಕ್‌ಗೆ ಹೇಳಿ.

ಗೇರಿಲ್ಲದ ಸ್ಕೂಟರಿನ ಕ್ಲಚ್ ಬೇರೆ ಬಗೆಯದು. ಅಲ್ಲಿ ಲಿವರೂ ಇಲ್ಲ, ಆಯಿಲೂ ಇಲ್ಲ. ಎಂಜಿನ್ ಸದ್ದು ಏರಿಯೂ ಓಟ ಕಡಿಮೆಯಾದರೆ ಕ್ಲಚ್ ಶೂ ಮಾತ್ರವಲ್ಲ, ಬೆಲ್ಟು ಅಥವಾ ರೋಲರ್ ಸವೆದಿರಲೂಬಹುದು. ಹೊರಡುವಾಗ ಗಡಗಡ ನಡುಗಿದರೆ ಎಷ್ಟೋ ಸಲ ಕ್ಲಚ್ಚಿನಲ್ಲಿ ಕೂತ ಧೂಳು ತೆಗೆದರೆ ಸರಿಹೋಗುತ್ತದೆ. ಪಕ್ಕದ ಕವರ್ ಬಿಚ್ಚಿ ಮೂರನ್ನೂ ತೋರಿಸಲು ಹೇಳಿ.

ಬಿಚ್ಚಿದ ಮೇಲೆ

ಬೈಕಿನ ಕ್ಲಚ್ ಬಿಚ್ಚಬೇಕೆಂದರೆ ಸಾಮಾನ್ಯವಾಗಿ ಆಯಿಲ್ ಇಳಿಸಬೇಕು, ಹೊಸ ಗ್ಯಾಸ್ಕೆಟ್ ಹಾಕಬೇಕು. ಅದು ಮೈಮುರಿದು ಮಾಡುವ ಕೆಲಸ. ಅದರ ಕೂಲಿಗೆ ಚೌಕಾಸಿ ಬೇಡ. ಮೊದಲೇ ಹೀಗೆ ಹೇಳಿ: "ಬಿಚ್ಚಿ ನೋಡಪ್ಪ. ಪ್ಲೇಟ್ ಚೆನ್ನಾಗಿದ್ರೂ ನಿನ್ನ ಕೂಲಿ ಕೊಡ್ತೀನಿ. ಬದಲಿಸೋಕೆ ಮೊದಲು ಒಂದು ಫೋನ್ ಮಾಡು." ಈ ಒಂದು ಮಾತಿನಿಂದ ಅವನಿಗೆ ನಿಜ ಹೇಳಿದರೂ ನಷ್ಟವಿಲ್ಲ ಎಂಬ ಧೈರ್ಯ ಬರುತ್ತದೆ.

ಆಮೇಲೆ ಸಾಕ್ಷಿ. ಪ್ಲೇಟಿನ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆಯಬಹುದು. ಎಷ್ಟರವರೆಗೆ ಸವೆದರೆ ಬದಲಿಸಬೇಕು ಎಂದು ಕಂಪನಿ ನಿಗದಿ ಮಾಡಿರುತ್ತದೆ. ಉಕ್ಕಿನ ಪ್ಲೇಟು ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ಕಾದು ಬೆಂದಿದೆ ಎಂದು ಬರಿಗಣ್ಣಿಗೇ ಗೊತ್ತಾಗುತ್ತದೆ. ಸ್ಪ್ರಿಂಗ್ ಸೋತಿದೆಯೇ ಎಂದು ಅದರ ಉದ್ದ ಅಳೆದು ಹೇಳಬಹುದು. ನೀವೇ ಅಲ್ಲಿ ನಿಲ್ಲಲು ಆಗದಿದ್ದರೆ ಫೋನಿಗೆ ಫೋಟೋ ಕಳಿಸಲು ಹೇಳಿ. ಹಳೆಯ ಸಾಮಾನನ್ನು ವಾಪಸ್ ಕೇಳಿ.

"ನಿಮ್ಗೆ ಗೊತ್ತಾಗಲ್ಲಮ್ಮ, ಯಜಮಾನ್ರನ್ನ ಕಳ್ಸಿ" ಎಂದರೆ ಎದ್ದು ಬರಬೇಡಿ. ಹಸುವಿನ ಕಾಯಿಲೆ ಶುರುವಾದದ್ದು ಯಾವಾಗ, ಮೇವು ತಿಂದಿತೇ, ಮೆಲುಕು ಹಾಕಿತೇ ಎಂದು ನಾವು ಕೇಳುವುದು ಕೊಟ್ಟಿಗೆ ನೋಡಿಕೊಳ್ಳುವವರನ್ನೇ. ದಿನವೂ ಎರಡು ಹೊತ್ತು ಆ ಗಾಡಿ ಓಡಿಸುವವರು ನೀವಾದರೆ, ಯಾವ ಗೇರಿನಲ್ಲಿ, ಯಾವ ಏರಿನಲ್ಲಿ, ಎಷ್ಟು ದಿನದಿಂದ ಎಂದು ಹೇಳಬಲ್ಲವರೂ ನೀವೇ. ಆಯಿಲ್ ಹಾಕಿಸಿದ ತಾರೀಕು, ಕಿಲೋಮೀಟರ್, ರಿಪೇರಿ ಖರ್ಚು ಇವನ್ನು ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ.

ಬಿಲ್ಲು ತಪ್ಪದೆ ತೆಗೆದುಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ರಿಪೇರಿ ಕೆಲಸಕ್ಕೂ ಅನ್ವಯಿಸುತ್ತದೆ. ಬಿಲ್ಲು ಕೊಡದಿರುವುದು ಆ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ.

ಸವೆದದ್ದು ನಿಜವಾದರೆ ತಡ ಬೇಡ

ಸಂಶಯ ಪಡುವುದೆಂದರೆ ರಿಪೇರಿ ಮುಂದೂಡುವುದಲ್ಲ. 40 ಲೀಟರಿನ ಕ್ಯಾನು ತುಂಬಿದರೆ ಹಾಲೇ 41 ಕೆ.ಜಿ. ಅಷ್ಟು ಭಾರ ಹೊತ್ತು ಏರಿನ ನಡುವೆ ಕ್ಲಚ್ ಕೈಕೊಟ್ಟರೆ ಗಾಡಿ ಹಿಂದಕ್ಕೆ ಜಾರುತ್ತದೆ. ಅಳತೆಯಲ್ಲಿ ಸವೆತ ಕಂಡರೆ ಅಂದೇ ಬದಲಿಸಿ. ಕವರ್ ಹೇಗೂ ಬಿಚ್ಚಿದೆ, ಸ್ಪ್ರಿಂಗನ್ನೂ ಕೇಬಲ್ಲನ್ನೂ ಅದೇ ಕೂಲಿಯಲ್ಲಿ ನೋಡಿಸಿ. ಆಮೇಲೆ ಓಡಿಸುವಾಗ ಲಿವರ್ ಮೇಲೆ ಬೆರಳು ಇಟ್ಟುಕೊಂಡೇ ಹೋಗುವ, ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ಗಾಡಿ ನಿಲ್ಲಿಸಿಕೊಳ್ಳುವ ಅಭ್ಯಾಸ ಬಿಡಿ. ಹೊಸ ಪ್ಲೇಟನ್ನು ಬೇಗ ತಿನ್ನುವುದು ಅದೇ.

ಸಂಘಗಳಿಗೂ ಒಂದು ಮಾತು. ಮುಂದಿನ ಸಭೆಯಲ್ಲಿ ಅರ್ಧ ಗಂಟೆ ಇದಕ್ಕೆ ಕೊಡಿ. ಯಾವ ಗ್ಯಾರೇಜಿನವರು ಹಳೆ ಸಾಮಾನು ತೋರಿಸುತ್ತಾರೆ, ಯಾರು ಬಿಲ್ಲು ಕೊಡುತ್ತಾರೆ, ನೋಡುವುದಕ್ಕೆ ಎಷ್ಟು, ಬಿಚ್ಚುವುದಕ್ಕೆ ಎಷ್ಟು ಎಂದು ಸದಸ್ಯೆಯರು ತಮ್ಮತಮ್ಮಲ್ಲಿ ಹೇಳಿಕೊಳ್ಳಲಿ. ಒಬ್ಬರು ಸಾಕ್ಷಿ ಕೇಳಿದರೆ ಜಗಳಗಂಟಿ ಎನ್ನಿಸಿಕೊಳ್ಳಬಹುದು. ಸಂಘದ ಐವತ್ತು ಮಂದಿಯೂ ಕೇಳಿದರೆ ಅದೇ ಊರಿನ ಪದ್ಧತಿಯಾಗುತ್ತದೆ. ನಾವು ಹಸು ನೋಡಲು ಬಂದಾಗಲೂ ಇದೇ ಪ್ರಶ್ನೆ ಕೇಳಿ: ಏನು ನೋಡಿ ಈ ಔಷಧ ಕೊಡುತ್ತಿದ್ದೀರಿ? ಉತ್ತರ ಹೇಳುವುದು ನಮ್ಮ ಕೆಲಸದ ಭಾಗವೇ.