ಕೊನೆಯ ಸಂಪುಟದ ಋಣ

ಆರಂಭಶೂರತ್ವವು ಲೋಕದಲ್ಲಿ ವಿರಳವಾದುದಲ್ಲ. ಗ್ರಂಥವನ್ನು ತೊಡಗುವವರು ಅನೇಕರು. ಅದನ್ನು ಮುಗಿಸಿ ಮಂಗಲ ಹಾಡುವವರು ಕೆಲವರು. ಈ ಮಾತು ಬರೆಯುವವನಿಗೆ ಹೇಗೋ ಓದುವವನಿಗೂ ಹಾಗೆಯೇ ಅನ್ವಯಿಸುತ್ತದೆ. ಹತ್ತಾರು ಸಂಪುಟಗಳ ಒಂದು ಕಥಾಮಾಲೆಯನ್ನು ತಾರುಣ್ಯದಲ್ಲಿ ಹಿಡಿದು, ನಡುವಯಸ್ಸಿನಲ್ಲಿ ಅದರ ಕೊನೆಯ ಸಂಪುಟವನ್ನು ತೆರೆಯುವ ಓದುಗನ ಮನಸ್ಸಿನಲ್ಲಿ ಹರ್ಷ ವಿಷಾದಗಳೆರಡೂ ಇರುತ್ತವೆ. ಕಥೆ ಮುಗಿಯಲಿ ಎಂಬ ಆತುರ ಒಂದು ಕಡೆ, ಮುಗಿದುಹೋಗುವುದಲ್ಲಾ ಎಂಬ ಅಳುಕು ಇನ್ನೊಂದು ಕಡೆ. ಆ ಕೊನೆಯ ಸಂಪುಟ ಯಾರ ಋಣ, ಅದನ್ನು ತೀರಿಸಬೇಕಾದವರು ಯಾರು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಇದಕ್ಕೆ ಅಮೆರಿಕದ ಲೇಖಕ ರಾಬರ್ಟ್ ಜೋರ್ಡನ್ ರಚಿಸಿದ ‘ದಿ ವ್ಹೀಲ್ ಆಫ್ ಟೈಮ್’, ಎಂದರೆ ‘ಕಾಲಚಕ್ರ’ ಎಂಬ ಅದ್ಭುತಕಥಾಮಾಲೆ ಒಳ್ಳೆಯ ನಿದರ್ಶನ. ಜೇಮ್ಸ್ ಆಲಿವರ್ ರಿಗ್ನಿ ಎಂಬುದು ಆತನ ನಿಜನಾಮ. 1948ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದಲ್ಲಿ ಜನಿಸಿ, ವಿಯೆಟ್ನಾಂ ಯುದ್ಧದಲ್ಲಿ ಸೈನಿಕನಾಗಿ ದುಡಿದು, ಭೌತಶಾಸ್ತ್ರದಲ್ಲಿ ಪದವಿ ಪಡೆದವನು ಆತ. ಕುರಿ ಕಾಯುವ ರ‍್ಯಾಂಡ್ ಎಂಬ ಹಳ್ಳಿಯ ತರುಣ ಲೋಕವನ್ನು ತಮಃಶಕ್ತಿಯಿಂದ ರಕ್ಷಿಸಬೇಕಾದ ಭಾರವನ್ನು ಹೊರುವುದೇ ಇದರ ವಸ್ತು. ಕಾಲವು ಚಕ್ರದಂತೆ ತಿರುಗುತ್ತದೆ, ಆ ಚಕ್ರಕ್ಕೆ ಏಳು ಅರೆಗಳು, ಒಂದೊಂದು ಅರೆಯೂ ಒಂದೊಂದು ಯುಗ ಎಂಬ ಕಲ್ಪನೆ ಇದರ ಬೆನ್ನೆಲುಬು. ನಾಲ್ಕು ಯುಗಗಳ ಆವರ್ತನೆಯನ್ನು ಅಜ್ಜಿಯ ಬಾಯಿಂದ ಕೇಳಿ ಬೆಳೆದ ಭಾರತೀಯ ಓದುಗನಿಗೆ ಈ ಲೋಕ ಪರಕೀಯವೆನಿಸದು.

ಮೊದಲ ಸಂಪುಟ ಪ್ರಕಟವಾದುದು 1990ರಲ್ಲಿ. 1994ರ ವೇಳೆಗೆ ಆರು ಸಂಪುಟಗಳು ಹೊರಬಂದವು. ಅನಂತರದ ಐದು ಸಂಪುಟಗಳಿಗಾದರೋ 2005ರವರೆಗೆ ಕಾಯಬೇಕಾಯಿತು. ಪಾತ್ರಗಳು ಹೆಚ್ಚಿದಂತೆಲ್ಲ ಕಥೆಯ ನಡೆ ಮಂದವಾಯಿತು. 2003ರ ಹತ್ತನೆಯ ಸಂಪುಟದಲ್ಲಂತೂ ಕಥೆ ನಿಂತಲ್ಲಿಯೇ ನಿಂತಿತೆಂದು ಆತನ ಅಭಿಮಾನಿಗಳೇ ಬೇಸರಪಟ್ಟರು. ಇದು ಲೇಖಕನ ದೋಷವೆಂದು ಒಪ್ಪಲೇಬೇಕು. ನೇಯುವವನು ನೂಲಿನ ಚೆಲುವಿಗೆ ಮರುಳಾಗಿ ಸೀರೆಯ ಸೆರಗನ್ನು ಮರೆಯಬಾರದು.

2006ರಲ್ಲಿ ಜೋರ್ಡನ್ ತನಗೆ ಹೃದಯವನ್ನು ಬಾಧಿಸುವ ಅಮಿಲಾಯ್ಡೋಸಿಸ್ ಎಂಬ ವಿರಳ ವ್ಯಾಧಿ ತಗುಲಿರುವುದನ್ನು ಪ್ರಕಟಪಡಿಸಿದನು. ತಾನು ಅಕಾಲದಲ್ಲಿ ತೀರಿಕೊಂಡರೆ ಟಿಪ್ಪಣಿಗಳೆಲ್ಲ ನಾಶವಾಗಲಿ ಎಂದು ಹಿಂದೊಮ್ಮೆ ಹೇಳಿದ್ದವನು ಈಗ ಮನಸ್ಸನ್ನು ಬದಲಿಸಿದನು. ಕಥೆಯ ಉಳಿದ ಭಾಗವನ್ನು ಮನೆಯವರಿಗೆ ಹೇಳಿ ಬರೆಯಿಸಿದನು; ಕಟ್ಟಕಡೆಯ ದೃಶ್ಯವನ್ನು ತಾನೇ ಬರೆದಿಟ್ಟನು. 2007ರ ಸೆಪ್ಟೆಂಬರ್ 16ರಂದು ನಿಧನನಾದನು. ಆತನ ಪತ್ನಿಯೂ ಗ್ರಂಥಸಂಪಾದಕಿಯೂ ಆದ ಹ್ಯಾರಿಯೆಟ್ ಮ್ಯಾಕ್‌ಡೂಗಲ್ ಅದೇ ವರ್ಷ ಬ್ರ್ಯಾಂಡನ್ ಸ್ಯಾಂಡರ್‌ಸನ್ ಎಂಬ ತರುಣ ಲೇಖಕನಿಗೆ ಉಳಿದ ಕಾರ್ಯವನ್ನು ವಹಿಸಿದಳು. ಹದಿಹರೆಯದಲ್ಲಿ ಮೊದಲ ಸಂಪುಟವನ್ನೋದಿ ಮಾರುಹೋಗಿದ್ದ ಆತ ಜೋರ್ಡನ್ನನಿಗೆ ಸಲ್ಲಿಸಿದ್ದ ಶ್ರದ್ಧಾಂಜಲಿಯ ಬರಹವೇ ಆಕೆಯ ಗಮನವನ್ನು ಅತ್ತ ಸೆಳೆದಿತ್ತು. ಒಂದೇ ಸಂಪುಟದಲ್ಲಿ ಮುಗಿಯಬೇಕಾಗಿದ್ದ ಕಥೆ ಮೂರು ಸಂಪುಟಗಳಾಗಿ, 2013ರ ಜನವರಿಯಲ್ಲಿ ಹದಿನಾಲ್ಕನೆಯದೂ ಕಡೆಯದೂ ಆದ ‘ಎ ಮೆಮೊರಿ ಆಫ್ ಲೈಟ್’ ಹೊರಬಂದಿತು. ಆರಂಭದಿಂದ ಅಂತ್ಯದವರೆಗೆ 23 ವರ್ಷ. ಒಟ್ಟು ಸುಮಾರು 44 ಲಕ್ಷ ಪದಗಳು!

ಒಬ್ಬನ ಕಲ್ಪನೆಯನ್ನು ಇನ್ನೊಬ್ಬನ ಲೇಖನಿ ಪೂರ್ಣಗೊಳಿಸುವುದು ಉಚಿತವೆ? ಡಿಕನ್ಸ್ 1870ರಲ್ಲಿ ತೀರಿಕೊಂಡಾಗ ಅರ್ಧದಲ್ಲಿಯೇ ಉಳಿದ ಕಾದಂಬರಿ ಇಂದಿಗೂ ಅರ್ಧವಾಗಿಯೇ ಗೌರವ ಪಡೆದಿಲ್ಲವೆ ಎಂದು ಕೇಳುವವರುಂಟು. ಕರ್ತೃವಿನ ಶೈಲಿ ಕರ್ತೃವಿನೊಂದಿಗೇ ಹೋಗುತ್ತದೆಂಬ ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಸ್ಯಾಂಡರ್‌ಸನ್ ಬರೆದ ಸಂಪುಟಗಳಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಮ್ಯಾಟ್ ಎಂಬ ವಿನೋದಶೀಲ ಪಾತ್ರ ತನ್ನ ಮೊದಲ ಸಂಪುಟದಲ್ಲಿ ಸರಿಯಾಗಿ ಮೂಡಲಿಲ್ಲವೆಂದು ಆತನೇ ಒಪ್ಪಿಕೊಂಡಿದ್ದಾನೆ. ಕಡೆಯ ಸಂಪುಟದಲ್ಲಿ ಇನ್ನೂರು ಪುಟಗಳಿಗೆ ಸಮೀಪವಾದ ಒಂದೇ ಅಧ್ಯಾಯ ಯುದ್ಧಕ್ಕೆ ಮೀಸಲಾಗಿ ಓದುಗನನ್ನು ದಣಿಸುವುದೂ ಸತ್ಯ.

ಆದರೂ ಎರಡು ಸಂಗತಿಗಳು ಈ ಕಾರ್ಯವನ್ನು ಸಮರ್ಥಿಸುತ್ತವೆ. ಮೊದಲನೆಯದು, ಕರ್ತೃವಿನ ಇಚ್ಛೆ. ಮರಣಶಯ್ಯೆಯಲ್ಲಿದ್ದವನು ತಾನಾಗಿ ದಾರಿ ತೋರಿ ಹೋದ ಮೇಲೆ ಆ ದಾರಿಯಲ್ಲಿ ನಡೆಯುವುದು ಅತಿಕ್ರಮಣವಲ್ಲ, ಸೇವೆ. ಈ ಪರಂಪರೆ ಭಾರತೀಯ ಸಾಹಿತ್ಯಕ್ಕೆ ಹೊಸದೂ ಅಲ್ಲ. ಬಾಣಭಟ್ಟ ಅಪೂರ್ಣವಾಗಿ ಬಿಟ್ಟ ‘ಕಾದಂಬರಿ’ಯನ್ನು ಮುಗಿಸಿದವನು ಆತನ ಮಗ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತದ ಮುಂದಿನ ಕಥೆಯನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿ ಹೇಳಿದನು. ತಿಮ್ಮಣ್ಣನನ್ನು ಕುಮಾರವ್ಯಾಸನೊಡನೆ ತೂಗಿ ನೋಡುವವರಿಲ್ಲ. ಆದರೆ ಕಥೆ ಪೂರ್ತಿಯಾಯಿತೆಂಬ ಉಪಕಾರವನ್ನು ಮರೆಯುವುದೂ ನ್ಯಾಯವಲ್ಲ.

ಎರಡನೆಯದು, ಕಡೆಯ ಸಂಪುಟವಿಲ್ಲದೆ ಈ ಕೃತಿಗೆ ಅರ್ಥವೇ ಇಲ್ಲ. ಕೆಡುಕನ್ನು ನಿರ್ಮೂಲ ಮಾಡುವುದೇ ನಾಯಕನ ಗುರಿಯೆಂದು ಓದುಗ ಹದಿಮೂರು ಸಂಪುಟಗಳುದ್ದಕ್ಕೂ ನಂಬಿರುತ್ತಾನೆ. ಅಂತಿಮ ಕ್ಷಣದಲ್ಲಿ ಆ ಸಾಮರ್ಥ್ಯ ಕೈಗೆ ಬಂದಾಗ ರ‍್ಯಾಂಡ್ ಹಿಂದೆಗೆಯುತ್ತಾನೆ. ಕೆಡುಕು ಅಸಾಧ್ಯವಾದ ಲೋಕದಲ್ಲಿ ಮನುಷ್ಯನಿಗೆ ಒಳಿತನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಇರದೆಂಬುದನ್ನು ಕಂಡು, ತಮಃಶಕ್ತಿಯನ್ನು ಕೊಲ್ಲದೆ ಬಂಧಿಸುತ್ತಾನೆ. ಮೊದಲ ಸಂಪುಟದಲ್ಲಿ ಬಿತ್ತಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಇದನ್ನೋದದೆ ನಡುವೆ ಕೈಬಿಟ್ಟವನು ಕಥೆಯನ್ನು ಓದಿರುತ್ತಾನೆ, ಕೃತಿಯನ್ನು ಓದಿರುವುದಿಲ್ಲ.

ಇದಕ್ಕೆ ಪ್ರತಿಯಾಗಿ, ಜಾರ್ಜ್ ಮಾರ್ಟಿನ್ 1996ರಲ್ಲಿ ತೊಡಗಿದ ಕಥಾಮಾಲೆಯ ಐದನೆಯ ಸಂಪುಟ 2011ರಲ್ಲಿ ಬಂದಿತು. ಗ್ರಂಥ ಮುಗಿಯುವ ಮುನ್ನವೇ ಅದರ ದೂರದರ್ಶನ ರೂಪಾಂತರ 2019ರಲ್ಲಿ ಮುಕ್ತಾಯಗೊಂಡಿತು. ಲೇಖಕನನ್ನು ಅವಸರಪಡಿಸುವ ಅಧಿಕಾರ ಓದುಗನಿಗಿಲ್ಲ. ಬಲವಂತದಿಂದ ಬರೆಯಿಸಿದ ಸಮಾಪ್ತಿಗೆ ಬೆಲೆಯೂ ಇಲ್ಲ. ಆದರೆ ಓದುಗ ತೆತ್ತಿರುವುದು ಹಣವನ್ನಷ್ಟೇ ಅಲ್ಲ, ಆಯುಷ್ಯದ ಒಂದು ಭಾಗವನ್ನು ಕೂಡ. ಆ ವಿಶ್ವಾಸವನ್ನು ಸಾವಿನ ಎದುರಿನಲ್ಲಿಯೂ ಮರೆಯಲಿಲ್ಲವೆಂಬುದೇ ಜೋರ್ಡನ್ನನ ಹಿರಿಮೆ. ಋಣಿಯಾದವನು ಲೇಖಕ, ಹೊಣೆ ಹೊತ್ತವಳು ಪತ್ನಿ, ತೀರಿಸಿದವನು ಹಿಂದೊಮ್ಮೆ ಬರಿಯ ಓದುಗನಾಗಿದ್ದವನು.

ಈ ವೃತ್ತಾಂತದಿಂದ ಶಿಕ್ಷಕವರ್ಗ ಗ್ರಹಿಸಬೇಕಾದ ಅಂಶವೊಂದಿದೆ. ದಪ್ಪ ದಪ್ಪ ಅದ್ಭುತಕಥೆಗಳಲ್ಲಿ ಮುಳುಗಿದ ವಿದ್ಯಾರ್ಥಿಯನ್ನು ಕಾಲಹರಣ ಮಾಡುವವನೆಂದು ಗದರಿಸುವುದು ರೂಢಿ. ಪಠ್ಯವನ್ನು ಕಡೆಗಣಿಸಿದರೆ ಗದರಿಸುವುದು ತಪ್ಪಲ್ಲ. ಆದರೆ ಒಂದು ಕಥೆಯನ್ನು ವರ್ಷಗಟ್ಟಲೆ ಬಿಡದೆ ಅನುಸರಿಸುವ ತಾಳ್ಮೆ ಯಾವ ಪರೀಕ್ಷೆಯೂ ಅಳೆಯದ ವಿದ್ಯೆ. ಅಂತಹ ಹುಡುಗನೊಬ್ಬನೇ ಮುಂದೆ ಗುರುವಿನ ಗ್ರಂಥಕ್ಕೆ ಮಂಗಲ ಹಾಡಿದ್ದು. ಆತನಿಗೆ ಆಗಲೇ ಪುಸ್ತಕವನ್ನು ಕಸಿದುಕೊಂಡಿದ್ದರೆ?

ಗ್ರಂಥದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಸಲ್ಲುವ ಬಿನ್ನಹ ಇಷ್ಟೆ. ಎಷ್ಟೋ ಶಾಲೆಗಳ ಕಪಾಟುಗಳಲ್ಲಿ ಒಂದನೆಯ, ಎರಡನೆಯ ಭಾಗಗಳಿದ್ದು ಕೊನೆಯ ಭಾಗವೇ ಇರುವುದಿಲ್ಲ. ಹೊಸ ಮಾಲೆಯೊಂದರ ಮೊದಲ ಸಂಪುಟವನ್ನು ಕೊಡುವುದಕ್ಕಿಂತ ಹಳೆಯದೊಂದರ ಕಡೆಯ ಸಂಪುಟವನ್ನು ಹುಡುಕಿ ಕೊಡುವುದು ಮಿಗಿಲಾದ ದಾನ. ಬಾಗಿಲು ತೆರೆಯುವ ಪುಣ್ಯ ಸಣ್ಣದಲ್ಲ. ದಾರಿ ಸವೆಸಿ ಬಂದವನನ್ನು ಮನೆ ಮುಟ್ಟಿಸುವ ಪುಣ್ಯ ಅದಕ್ಕಿಂತ ದೊಡ್ಡದು.